ಐದು ಗೆಂಡೆ ಮೀನು, ಅರ್ಧ ಇಂಚಿನ ಪೈಪು

ಕೆಲಸಕ್ಕೆ ಸೇರಿದ ದಿನ ಮ್ಯಾನೇಜರ್ ವೆಂಕಟರೆಡ್ಡಿಯವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಮೀನು ತಿಂತೀರೇನ್ರಿ?"

ತಿನ್ನುತ್ತೇನೆ ಎಂದೆ.

"ಇಲ್ಲಿವು ತಿನ್ನಬ್ಯಾಡ್ರಿ," ಎಂದು ಹೇಳಿ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡರು. ತಿಮ್ಮಣ್ಣ, ಊರು ಗುಂಜಹಳ್ಳಿ, ಹುದ್ದೆ ಕೊಳಚೆ ನೀರು ಶುದ್ಧೀಕರಣ ಘಟಕದ ಆಪರೇಟರ್.

ರಾಯಚೂರಿನ ಹೊರಗೆ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಅದು. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರವನ್ನು ಎರಡನೆಯ ಪ್ರಯತ್ನಕ್ಕೆ ಪಾಸು ಮಾಡಿ, ಅಲ್ಲಿ ಇಲ್ಲಿ ದುಡಿದು ವಯಸ್ಸು ನಲವತ್ತೈದು ಮುಟ್ಟಿದ್ದ ನಾನು, ಏನೋ ದೊಡ್ಡ ಪ್ರಯೋಗಶಾಲೆ ಇರುತ್ತದೆ ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಇದ್ದದ್ದು ಮೂರು ಸಿಮೆಂಟ್ ತೊಟ್ಟಿ, ಕೆಟ್ಟು ನಿಂತ ಒಂದು ಪಂಪು, ಮತ್ತು ಕೊನೆಯಲ್ಲಿ ಒಂದು ಗಾಜಿನ ತೊಟ್ಟಿ. ಗಾಜಿನ ತೊಟ್ಟಿಯಲ್ಲಿ ಐದು ಗೆಂಡೆ ಮೀನು. ಅದರ ಮೇಲೆ ಬೋರ್ಡು: "ಈ ಮೀನುಗಳು ನಾವು ಶುದ್ಧೀಕರಿಸಿದ ನೀರಿನಲ್ಲಿ ಸುಖವಾಗಿವೆ."

ಮೀನುಗಳು ಸುಖವಾಗಿದ್ದದ್ದು ನಿಜ. ನೀರು ಮಾತ್ರ ಬೋರ್‌ವೆಲ್‌ನದು. ಕಣಗಿಲೆ ಗಿಡಗಳ ಹಿಂದೆ, ಒಂದು ಶಾಬಾದಿ ಕಲ್ಲಿನ ಕೆಳಗೆ ಅರ್ಧ ಇಂಚಿನ ಪೈಪು ಬಂದು ಗಾಜಿನ ತೊಟ್ಟಿಯ ತಳಕ್ಕೆ ಸೇರುತ್ತಿತ್ತು. ಬೆಳಿಗ್ಗೆ ಅದರ ವಾಲ್ವು ತಿರುಗಿಸುವುದು, ಮೀನಿಗೆ ಶೇಂಗಾ ಹಿಂಡಿ ಹಾಕುವುದು, ಗಾಜು ಒರೆಸುವುದು, ಇದು ನನ್ನ ಕೆಲಸ. ಬಣ್ಣದ ನೀರು ತನ್ನ ಪಾಡಿಗೆ ತಾನು ಹಿಂದಿನ ಗೋಡೆಯ ತೂತಿನಿಂದ ಹಳ್ಳಕ್ಕೆ ಹೋಗುತ್ತಿತ್ತು. ಸೋಮವಾರ ಕೆಂಪು ನೂಲಾದರೆ ಕೆಂಪು, ಗುರುವಾರ ನೀಲಿಯಾದರೆ ನೀಲಿ. ಒಂದು ಮೀನು ಸತ್ತರೆ ಅದೇ ಅಳತೆಯ ಇನ್ನೊಂದನ್ನು ದೇವದುರ್ಗದ ಕಡೆ ಹೊಳೆಯಲ್ಲಿ ಬಲೆ ಹಾಕುವವರ ಹತ್ತಿರ ಕೊಡದಲ್ಲಿ ತರುತ್ತಿದ್ದೆ. ಬಸ್ಸಿನಲ್ಲಿ ಕೊಡ ಹಿಡಿದು ಕೂತಾಗ ಪಕ್ಕದವರು ಇಣುಕಿ ನೋಡಿ "ಸಾರಿಗೇನ್ರಿ?" ಎನ್ನುತ್ತಿದ್ದರು. "ಇಲ್ರಿ, ಡ್ಯೂಟಿಗಿ," ಎನ್ನುತ್ತಿದ್ದೆ.

ಹನ್ನೊಂದು ವರ್ಷ ಹೀಗೆ ನಡೆಯಿತು. ನಾನು ಒಳ್ಳೆಯವನು, ಮ್ಯಾನೇಜರು ಕೆಟ್ಟವರು ಎಂದು ಈಗ ಬರೆದುಕೊಳ್ಳಬಹುದು, ಕೇಳುವವರು ಯಾರೂ ಇಲ್ಲ. ಆದರೆ ವಾಲ್ವು ತಿರುಗಿಸಿದ ಕೈ ನನ್ನದೇ. ತಪಾಸಣೆಗೆ ಬಂದವರು ಮೀನು ನೋಡಿ, ಚಹಾ ಕುಡಿದು, ಹೋಗುತ್ತಿದ್ದರು. ಒಬ್ಬರಂತೂ ಮೀನುಗಳಿಗೆ ಹೆಸರಿಟ್ಟಿದ್ದೀರೇನು ಎಂದು ಕೇಳಿದ್ದರು. ರೆಡ್ಡಿಯವರು ಸ್ಥಳದಲ್ಲೇ ಐದು ಹೆಸರು ಹೇಳಿಬಿಟ್ಟರು. ಐದೂ ಅವರ ಹೆಂಡತಿಯ ತಮ್ಮಂದಿರ ಹೆಸರು.

ಕೊನೆಗೆ ಒಂದು ದಿನ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ನೋಟಿಸು ಬಂತು. ಬಣ್ಣದ ನೀರನ್ನು ನಿಜವಾಗಿ ಶುದ್ಧ ಮಾಡುವ ವ್ಯವಸ್ಥೆ ಆರು ತಿಂಗಳಲ್ಲಿ ಆಗಬೇಕು, ಆಮೇಲೆ ಒಂದೇ ತಪಾಸಣೆ, ಅದರಲ್ಲಿ ಸರಿ ಇಲ್ಲದಿದ್ದರೆ ಬಾಗಿಲಿಗೆ ಬೀಗ. ಆಗ ನನ್ನ ನಿಜವಾದ ನೌಕರಿ ಶುರುವಾಯಿತು. ಅಷ್ಟೊತ್ತಿಗೆ ನನ್ನ ತಲೆ ನೆರೆತಿತ್ತು.

ಮೊದಲ ಹೆಜ್ಜೆ, ಬಣ್ಣ ಹೀರುವ ವಸ್ತು ಹುಡುಕುವುದು. ಒಂದು ತರಬೇತಿಯಲ್ಲಿ ಕೇಳಿದ್ದೆ, ಭತ್ತದ ಹೊಟ್ಟು, ಅದರ ಬೂದಿ, ಹತ್ತಿ ಕಟ್ಟಿಗೆಯ ಇದ್ದಲಿ, ಇವೆಲ್ಲ ಬಣ್ಣವನ್ನು ಮೈಗೆ ಅಂಟಿಸಿಕೊಂಡು ನೀರನ್ನು ತಿಳಿಯಾಗಿಸಿ ಬಿಡುತ್ತವೆ ಎಂದು. ಮಾನ್ವಿಯಲ್ಲಿ ಅಕ್ಕಿ ಗಿರಣಿಗಳಿಗೆ ಬರವಿಲ್ಲ, ಹೊಟ್ಟಿಗೂ ಬೂದಿಗೂ ಬರವಿಲ್ಲ. ಒಂದು ಲಾರಿ ಬೂದಿ ತರಿಸಿದೆ. ತರಬೇತಿಯಲ್ಲಿ ಅವರು ಹೇಳಿದ್ದ, ನಾನು ಚಹಾಕ್ಕೆ ಎದ್ದು ಹೋಗಿದ್ದರಿಂದ ಕೇಳಿಸಿಕೊಳ್ಳದ ಮಾತೊಂದಿತ್ತು: ಬೂದಿಯನ್ನು ಮೊದಲು ಚೆನ್ನಾಗಿ ತೊಳೆಯಬೇಕು. ನಾನು ಹಾಗೇ ಸುರಿದೆ. ಒಳಗೆ ಹೋದ ನೀರು ಕೆಂಪು, ಹೊರಗೆ ಬಂದ ನೀರು ಕಪ್ಪು.

ರೆಡ್ಡಿಯವರು ಬಹಳ ಹೊತ್ತು ನೋಡಿ, "ಕೆಂಪು ಹೋಗ್ಯಾದ ನೋಡ್ರಿ," ಎಂದರು. ಆ ಮನುಷ್ಯನ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ, ಎಲ್ಲದರಲ್ಲೂ ಒಳ್ಳೆಯದನ್ನು ಕಾಣುವ ಆ ಗುಣವನ್ನು ಮೆಚ್ಚಬೇಕು.

ಎರಡನೆಯ ಸಲ ಬೂದಿ ಬಿಟ್ಟು ಹಸಿ ಹೊಟ್ಟು ತುಂಬಿದೆ. ವಾರಕ್ಕೆ ತೊಟ್ಟಿಯ ಮೇಲೆಲ್ಲ ಹಸಿರು ಮೊಳಕೆ. ಗಿರಣಿಯ ಹೊಟ್ಟಿನಲ್ಲಿ ಒಡೆಯದ ಭತ್ತ ಬೆರೆತಿತ್ತು. ನೀರು, ಬೆಚ್ಚಗಿನ ಜಾಗ, ಮೇಲೆ ರಾಯಚೂರಿನ ಬಿಸಿಲು ಸಿಕ್ಕ ಮೇಲೆ ಅದು ಸುಮ್ಮನಿರುತ್ತದೆಯೇ. ಎರಡು ವಾರದಲ್ಲಿ ನಾಟಿಗೆ ಕೀಳುವಷ್ಟು ಸಸಿ ಎದ್ದು ನಿಂತವು. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದರೆ, ರೆಡ್ಡಿಯವರು ಸಸಿಗಳ ನಡುವೆ ನಿಂತು ಫೋಟೋ ಹೊಡೆಸಿಕೊಂಡು ಹೈದರಾಬಾದಿನಲ್ಲಿದ್ದ ಕಾರ್ಖಾನೆಯ ಮಾಲೀಕ ಸಾವುಕಾರರಿಗೆ ಕಳಿಸಿದರು. ಸಾವುಕಾರರಿಂದ ಉತ್ತರ ಬಂತು: "ಬಹಳ ಸಂತೋಷ. ಯಾವ ತಳಿ?"

ನನ್ನನ್ನು ದಡ ಮುಟ್ಟಿಸಿದ್ದು ದೇವದುರ್ಗದ ಅಂಬಮ್ಮ. ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ಉಳಿಯುವ ಕಟ್ಟಿಗೆಯನ್ನು ಗುಂಡಿಯಲ್ಲಿ ಮಣ್ಣು ಮುಚ್ಚಿ ಸುಟ್ಟು ಇದ್ದಲಿ ಮಾಡುವ ಹದಿನಾಲ್ಕು ಹೆಂಗಸರ ಗುಂಪಿಗೆ ಅವಳು ಮುಖ್ಯಸ್ಥೆ. ಗಟ್ಟಿ ಆಳು, ಗಟ್ಟಿ ಬಾಯಿ. ಮೊದಲ ಚೀಲ ಇಳಿಸಿದಾಗ ನಾನು ಬೆರಳಲ್ಲಿ ಒತ್ತಿ ನೋಡುತ್ತಾ ನಿಂತಿದ್ದೆ.

"ಏನ್ ನೋಡಾಕತ್ತೀರಿ ಅಣ್ಣಾರ? ಹೆಣ್ಣು ನೋಡಾಕ ಬಂದಂಗ."

"ಬೂದಿ ಕೂಡ್ಯಾದೇನು ಅಂತ ನೋಡಾಕತ್ತೀನವ್ವಾ."

"ಬೂದಿ ಕೂಡಿದ್ರ ನನ್ನ ಮಾರಿ ಮ್ಯಾಲ ಒಗೀರಿ. ಮೂರು ನೀರಾಗ ತೊಳದೀವಿ. ನಮ್ಮ ಉಡೂ ಅರಿವಿನೂ ಅಷ್ಟು ತೊಳಿಯಲ್ಲ."

ಆ ಇದ್ದಲಿಯನ್ನು ಜೋಳದ ಕಾಳಿನಷ್ಟು ಕುಟ್ಟಿ, ಜರಡಿ ಹಿಡಿದು, ಎತ್ತರದ ಡ್ರಮ್ಮುಗಳಲ್ಲಿ ತುಂಬಿ, ಬಣ್ಣದ ನೀರನ್ನು ನಿಧಾನಕ್ಕೆ ಬಿಟ್ಟೆ. ಕೆಳಗೆ ನಲ್ಲಿಯಲ್ಲಿ ಬಂದ ನೀರು ತಿಳಿ ಚಹಾದ ಬಣ್ಣಕ್ಕೆ ಇಳಿದಿತ್ತು. ನಾನು ಆ ಗ್ಲಾಸನ್ನು ಇಡೀ ಕಾರ್ಖಾನೆಗೆ ತೋರಿಸಿಕೊಂಡು ಬಂದೆ. ಆ ವರ್ಷ ಅಂಬಮ್ಮನ ಗುಂಪಿನವರು ಯಾರೂ ದುಡಿಯಲು ಊರು ಬಿಟ್ಟು ಗುಳೆ ಹೋಗಲಿಲ್ಲ. ಕಾರ್ಖಾನೆಗೆ ಬೀಗ ಬಿದ್ದರೆ ಅವರೂ ಗಂಟು ಕಟ್ಟಬೇಕು. ಇದನ್ನು ಅವಳು ಪ್ರತಿ ಸಲ ಚೀಲ ಇಳಿಸುವಾಗ ನೆನಪಿಸುತ್ತಿದ್ದಳು, ನಾನು ಮರೆತಿದ್ದೇನೆ ಎಂಬಂತೆ.

ಉಳಿದ ಬಣ್ಣವನ್ನೂ, ನೂಲಿಗೆ ಬಣ್ಣ ಹಿಡಿಯಲೆಂದು ಹಾಕುವ ಉಪ್ಪನ್ನೂ ತೆಗೆಯಲು ಪೊರೆಯ ಯಂತ್ರ ಬಂತು. ಪೊರೆ ಅಂದರೆ ಉದ್ದನೆಯ ಕೊಳವೆಯೊಳಗೆ ಸುತ್ತಿಟ್ಟ ತೆಳು ಹಾಳೆ. ಒತ್ತಡ ಹಾಕಿದರೆ ನೀರನ್ನು ದಾಟಿಸುತ್ತದೆ, ಬೇರೆ ಎಲ್ಲವನ್ನೂ ತಡೆಯುತ್ತದೆ. ತಡೆದ ಹೊಲಸು ನೀರನ್ನು ಅಗಲವಾದ ತೊಟ್ಟಿಗಳಲ್ಲಿ ನಿಲ್ಲಿಸಿ ಒಣಗಿಸಬೇಕು. ಅದಕ್ಕೆ ನಮ್ಮಲ್ಲಿ ಯಂತ್ರ ಬೇಕಿರಲಿಲ್ಲ, ಏಪ್ರಿಲ್ ಸಾಕಿತ್ತು. ಯಂತ್ರ ಕೂಡಿಸಲು ಬಂದ ಇಂಜಿನಿಯರು ಹೋಗುವಾಗ ನನ್ನ ಕೈ ಹಿಡಿದು, ಇದರೊಳಗೆ ಬೇರೆ ಏನನ್ನೂ ಹಾಕಬೇಡಿ ಎಂದು ಮೂರು ಸಲ ಹೇಳಿದ. ಅವನು ಗೇಟು ದಾಟಿದ ಕೂಡಲೇ ಪೂಜೆ ಆಯಿತು. ಕೊಳವೆಗಳಿಗೆ ವಿಭೂತಿ, ಕೆಳಗೆ ನಿಂಬೆಹಣ್ಣು, ತೆಂಗಿನಕಾಯಿ. ಅದಾದ ಮೇಲೆ ಯಾರೋ ಭಕ್ತಿ ಹೆಚ್ಚಾಗಿ ಶುದ್ಧ ನೀರಿನ ತೊಟ್ಟಿಗೇ ಒಂದು ಹಿಡಿ ಕುಂಕುಮ ಹಾಕಿದರು. ಆ ದಿನ ಹಾಕಿದ್ದು ನೀಲಿ ನೂಲು, ಹೊರಗೆ ಬಂದದ್ದು ಗುಲಾಬಿ ನೀರು. ನಾನು ಎರಡು ದಿನ ಇಡೀ ಯಂತ್ರ ಬಿಚ್ಚಿ ನೋಡಿದೆ. ಮೂರನೆಯ ದಿನ ರೆಡ್ಡಿಯವರು ತಣ್ಣಗೆ, "ಕುಂಕುಮ ಇರಬಹುದೇನ್ರಿ?" ಎಂದರು. ಹಾಕಿದವರು ಅವರೇ.

ಅಂತೂ ತೊಳೆದು ಬಳಿದು ಮತ್ತೆ ಬಿಟ್ಟಾಗ ನೀರು ಬಂತು. ನೀರಿನಂಥ ನೀರು. ಅದನ್ನು ಬೊಗಸೆಯಲ್ಲಿ ಹಿಡಿದು ನೋಡಿದಾಗ ನನಗೆ ಕಣ್ಣು ತುಂಬಿ ಬಂತು, ಇದನ್ನು ಹೇಳಲು ನಾಚಿಕೆ ಏನಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬೋರಿನ ವಾಲ್ವು ಬಿಗಿಯಾಗಿ ಮುಚ್ಚಿದೆ. ಗಾಜಿನ ತೊಟ್ಟಿ ಖಾಲಿ ಮಾಡಿ ನಮ್ಮದೇ ನೀರು ತುಂಬಿ, ಐದೂ ಮೀನನ್ನು ಬಿಟ್ಟು, ಹೆಮ್ಮೆಯಿಂದ ಊಟಕ್ಕೆ ಹೋದೆ.

ಬಂದು ನೋಡಿದರೆ ಐದೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಸುಳ್ಳು ನೀರಿನಲ್ಲಿ ವರ್ಷಗಟ್ಟಲೆ ಬದುಕಿದವು, ನಿಜದ ನೀರಿನಲ್ಲಿ ಒಂದು ಊಟದ ಹೊತ್ತು ಬದುಕಲಿಲ್ಲ. ರೆಡ್ಡಿಯವರು ತೊಟ್ಟಿಯ ಮುಂದೆ ನಿಂತು, "ಖರೇದಾಗ ಏನೋ ದೋಷ ಅದ ತಿಮ್ಮಣ್ಣ," ಎಂದರು. "ಸುಮ್ನ ಬೋರಿನ ನೀರು ಬಿಡ್ರಿ. ಇಲ್ಲಾಂದ್ರ ಕೊರಮೀನು ತರ್ರಿ. ಅದು ಕೆಸರಾಗೂ ಬದುಕ್ತದ."

ಆ ಹೊತ್ತಿಗೆ ಇದ್ದಲಿ ಚೀಲ ಹಾಕಲು ಬಂದಿದ್ದ ಅಂಬಮ್ಮ ನಲ್ಲಿಗೆ ಕೈಯೊಡ್ಡಿ ಆ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿ, ಪಕ್ಕಕ್ಕೆ ಉಗಿದಳು. "ಅಣ್ಣಾರ, ಇದ್ರಾಗ ಏನೂ ಇಲ್ಲ."

"ಏನೂ ಇರಬಾರದಂತನ ಆರು ತಿಂಗಳು ಸತ್ತೀವಿ."

"ಸಪ್ಪಗ ಅದ. ಉಪ್ಪಿಲ್ಲದ ಅಂಬಲಿ ಮನಷ್ಯಾರು ಕುಡಿಯಲ್ಲ, ಮೀನು ಹೆಂಗ ಕುಡಿಬೇಕು?"

ಇಂಜಿನಿಯರಿಗೆ ಫೋನು ಮಾಡಿದರೆ ಅವನು ಹೇಳಿದ್ದೂ ಅದೇ, ಸ್ವಲ್ಪ ಉದ್ದವಾಗಿ. ಪೊರೆ ಹೊಲಸಿನ ಜೊತೆಗೆ ನೀರಿನ ಉಪ್ಪು ಸುಣ್ಣಗಳನ್ನೂ ತೆಗೆದುಬಿಟ್ಟಿದೆ, ನೀರು ಹುಳಿಯ ಕಡೆ ವಾಲಿದೆ, ಅಂಥ ನೀರಿನಲ್ಲಿ ಮೀನು ಉಳಿಯುವುದಿಲ್ಲ. ಸುಣ್ಣದ ಅಂಶವಿರುವ ಕಲ್ಲಿನ ಮೇಲೆ ಹಾಯಿಸಿ, ಗಾಳಿ ಆಡಿಸಿ, ಮೀನನ್ನು ಮೆಲ್ಲಗೆ ಹೊಂದಿಸಿ ಬಿಡಬೇಕು. ಸುಣ್ಣದ ಕಲ್ಲಿಗಾಗಿ ನಾನು ಎಲ್ಲಿಗೂ ಹೋಗಬೇಕಾಗಲಿಲ್ಲ. ನಮ್ಮ ಕಡೆ ಯಾರ ಮನೆ ಕಟ್ಟಿದರೂ ಶಾಬಾದಿ ಕಲ್ಲಿನ ಚೂರು ಬೀದಿಯಲ್ಲಿ ಬಿದ್ದಿರುತ್ತದೆ. ಎರಡು ಡ್ರಮ್ಮು ತುಂಬಿಸಿದೆ. ಆರು ತಿಂಗಳು ನೀರಿನಿಂದ ಎಲ್ಲವನ್ನೂ ತೆಗೆದೆವು, ಕೊನೆಯಲ್ಲಿ ಒಂದಷ್ಟನ್ನು ಹುಡುಕಿ ತಂದು ಮತ್ತೆ ಹಾಕಿದೆವು. ಹೊಸ ಐದು ಗೆಂಡೆ ಬಂದವು, ಹಿಂಡಿ ತಿಂದವು, ಬದುಕಿದವು. ಅವು ಈಜುವುದನ್ನು ನಾನು ಕೆಲಸ ಬಿಟ್ಟು ನೋಡುತ್ತಾ ನಿಂತಿರುತ್ತಿದ್ದೆ.

ತಪಾಸಣೆಯ ದಿನ ಬಂದವರು ಒಬ್ಬ ಹೊಸ ಅಧಿಕಾರಿ, ಮಾನ್ವಿ ತಾಲೂಕಿನ ಹೆಣ್ಣುಮಗಳು. ಚಹಾ ಬೇಡ ಎಂದರು. ಆಗಲೇ ರೆಡ್ಡಿಯವರ ಮುಖ ಸಣ್ಣದಾಯಿತು. ಇದ್ದಲಿ ಡ್ರಮ್ಮು, ಪೊರೆ, ಒಣಗಿಸುವ ತೊಟ್ಟಿ ಎಲ್ಲ ನೋಡಿ, ಕೊನೆಗೆ ಗಾಜಿನ ತೊಟ್ಟಿಯ ಮುಂದೆ ನಿಂತರು.

"ಮೀನ ಅದಾವ," ಎಂದರು.

"ಐದು ಅದಾವ ಮೇಡಂ," ಎಂದರು ರೆಡ್ಡಿಯವರು.

"ನಾ ನೋಡಿದ ಎಲ್ಲಾ ಫ್ಯಾಕ್ಟರಿಯಾಗೂ ಅದಾವ. ಬೋರಿನ ಲೈನು ಎಲ್ಲಿ ಅದ?"

"ಬೋರಿನ ಲೈನಾ? ಇಲ್ಲಿ ಅಂಥಾದ್ದೇನಿಲ್ಲ ಮೇಡಂ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಹಂಗಾರ ಈ ನೀರಿನ ಮ್ಯಾಲ ನನಗ ನಂಬಿಕಿಲ್ಲ. ನಂಬಿಕಿ ಇಲ್ಲಾಂತ ಬರೀತೀನಿ. ಮುಂದಿಂದು ನಿಮಗ ಗೊತ್ತದ."

ಮುಂದಿನದು ಬೀಗ. ಅಂಬಮ್ಮ ಅವತ್ತೂ ಬಂದಿದ್ದಳು, ಚೀಲಗಳ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಯೋಚಿಸಿ ನೋಡಿ. ನೀರು ಶುದ್ಧವಾಗಿದೆ ಎಂದು ನಂಬಿಸಬೇಕಾದರೆ ಬೋರಿನ ಪೈಪು ಮುಚ್ಚಿದೆ ಎಂದು ತೋರಿಸಬೇಕು. ಪೈಪು ಮುಚ್ಚಿದೆ ಎಂದು ತೋರಿಸಬೇಕಾದರೆ ಪೈಪು ಇದೆ ಎಂದು ಒಪ್ಪಬೇಕು. ಇದೆ ಎಂದರೆ ಹನ್ನೊಂದು ವರ್ಷದ್ದು ಹೊರಗೆ ಬರುತ್ತದೆ. ನನ್ನ ನಿವೃತ್ತಿಗೆ ಆಗ ಒಂದೂವರೆ ವರ್ಷ ಬಾಕಿ ಇತ್ತು.

"ಬರ್ರಿ ಮೇಡಂ, ತೋರಸ್ತೀನಿ," ಎಂದೆ. ರೆಡ್ಡಿಯವರು ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದರು. ನಾನು ಕಣಗಿಲೆ ಗಿಡ ಸರಿಸಿ, ಕಲ್ಲು ಎತ್ತಿ, ಪೈಪು ತೋರಿಸಿದೆ. "ಹನ್ನೊಂದು ವರ್ಷ ಮೀನಿಗೆ ಇದರ ನೀರ ಬಿಟ್ಟೀವ್ರಿ. ದಿನಾ ತೆರೀತಿದ್ದವ ನಾನ. ಆದರ ಮೂರು ವಾರ ಆತು, ಮುಚ್ಚೀನಿ. ಈಗ ಹನಿ ನೀರು ಇದ್ರಾಗ ಬರಂಗಿಲ್ಲ." ಮಾತಿಗೆ ತೂಕ ಬರಲೆಂದು ಗರಗಸದ ಬ್ಲೇಡು ತಂದು ಅವರ ಕಣ್ಣ ಮುಂದೆ ಪೈಪನ್ನು ಕೊಯ್ದೆ.

ನೀರು ಚಿಮ್ಮಿತು. ಮೊದಲು ನನ್ನ ಮುಖಕ್ಕೆ, ಆಮೇಲೆ ಮೇಡಂ ಅವರ ಸೀರೆಗೆ, ಆಮೇಲೆ ರೆಡ್ಡಿಯವರ ಹೊಸ ಅಂಗಿಗೆ. ಒಳ್ಳೆಯ, ತಣ್ಣನೆಯ ಬೋರಿನ ನೀರು.

"ಬೆಳಿಗ್ಗಿ ಸ್ವಲ್ಪ ತೆರದಿದ್ದೆ," ಎಂದರು ರೆಡ್ಡಿಯವರು, ಮುಖ ಒರೆಸಿಕೊಳ್ಳುತ್ತಾ. "ಸೇಫ್ಟಿಗಂತ."

ನನ್ನ ಜೀವನದಲ್ಲಿ ನಾನು ಹೇಳಿದ ಒಂದೇ ಒಂದು ದೊಡ್ಡ ನಿಜ ಹೀಗೆ ನನ್ನ ಮುಖಕ್ಕೇ ಹೊಡೆಯಿತು. ಮೇಡಂ ಸೆರಗು ಹಿಂಡಿಕೊಂಡರು. ಬೈಯಲಿಲ್ಲ. "ಪೈಪಿಗಿ ಬೆಣೆ ಬಡೀರಿ. ಗಾಜಿನ ತೊಟ್ಟಿ ಖಾಲಿ ಮಾಡಿ ನಿಮ್ಮ ನೀರ ತುಂಬ್ರಿ. ಮೀನ ಬಿಡ್ರಿ. ನನಗೊಂದು ಕುರ್ಚಿ ತರ್ರಿ," ಎಂದರು.

ಅವರು ಕೂತರು. ಆಗ ಬೆಳಿಗ್ಗೆ ಹನ್ನೊಂದು ಗಂಟೆ. ಪೂರ್ತಿ ಕಾರ್ಖಾನೆ ಐದು ಮೀನನ್ನು ನೋಡುತ್ತಾ ನಿಂತಿತು. ನೂಲಿಗೆ ಬಣ್ಣ ಹಾಕುವವರು ನೀಲಿ ಮೆತ್ತಿದ ಕೈಯಲ್ಲೇ ಬಂದು ನಿಂತರು. ಊಟದ ಗಂಟೆ ಬಾರಿಸಿದರೂ ಯಾರೂ ಕದಲಲಿಲ್ಲ. ಸಾವುಕಾರರು ಹೈದರಾಬಾದಿನಿಂದ ಹತ್ತು ನಿಮಿಷಕ್ಕೊಮ್ಮೆ ಫೋನು ಮಾಡುತ್ತಿದ್ದರು, ರೆಡ್ಡಿಯವರು ಪಿಸುಮಾತಿನಲ್ಲಿ, "ಇನ್ನೂ ಅದಾವ್ರಿ, ಐದೂ ಅದಾವ್ರಿ," ಎನ್ನುತ್ತಿದ್ದರು. ಅಂಬಮ್ಮ ನೀರಮಾನ್ವಿ ಎಲ್ಲಮ್ಮನಿಗೆ ಹರಕೆ ಹೊತ್ತಳು. ಯಾರದೋ ಆರೋಗ್ಯ ವಿಚಾರಿಸಲು ಆಸ್ಪತ್ರೆಗೆ ಬಂದಂತೆ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು.

ಮೂರು ಗಂಟೆಯ ಸುಮಾರಿಗೆ ಒಂದು ಮೀನು ವಾಲಿತು. ಪಕ್ಕಕ್ಕೆ ಮಲಗಿದಂತೆ ತೇಲತೊಡಗಿತು. ನಾನು ನೆಲದ ಮೇಲೆ ಕೂತುಬಿಟ್ಟೆ. ರೆಡ್ಡಿಯವರು ಕಣ್ಣು ಮುಚ್ಚಿದರು. ಅಂಬಮ್ಮ ಎದ್ದು ಬಂದು, ಯಾರ ಅಪ್ಪಣೆಯನ್ನೂ ಕೇಳದೆ, ಸೊಂಟದ ಚೀಲದಿಂದ ಹಿಡಿ ಶೇಂಗಾ ತೆಗೆದು, ಅಂಗೈಯಲ್ಲಿ ಉಜ್ಜಿ ನೀರಿಗೆ ಉದುರಿಸಿದಳು. "ಮುಂಜಾನಿಂದ ಉಪಾಸ ಅದಾವ. ನೋಡೂದು ನೋಡ್ತೀರಿ, ಹೊಟ್ಟಿಗಿ ಹಾಕಾಕ ಯಾರಿಗೂ ನೆನಪಿಲ್ಲ." ವಾಲಿದ ಮೀನು ನೆಟ್ಟಗಾಯಿತು, ಬಾಯಿ ತೆರೆಯಿತು, ತಿಂದಿತು.

ಐದು ಗಂಟೆಗೆ ಮೇಡಂ ಎದ್ದರು. ಬಾಟಲಿಗಳಲ್ಲಿ ನೀರು ತುಂಬಿ ಮೊಹರು ಮಾಡಿದರು. ಪೈಪಿನ ವಿಷಯ ನನ್ನ ಬಾಯಿಯಿಂದ ಇನ್ನೊಮ್ಮೆ ಕೇಳಿ ಬರೆದುಕೊಂಡರು, ಯಾರು, ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ. ನಾನು ಸಹಿ ಮಾಡಿದೆ. ಕಾರ್ಖಾನೆ ಉಳಿಯಿತು, ದಂಡ ಬಿತ್ತು, ನನಗೆ ಮೂರು ತಿಂಗಳ ಅಮಾನತು ಸಿಕ್ಕಿತು. ಅದಕ್ಕೆ ಸಹಿ ಹಾಕಿದವರು ರೆಡ್ಡಿಯವರು, ಹಾಕುವಾಗ "ಬ್ಯಾಸರ ಮಾಡ್ಕೋಬ್ಯಾಡ್ರಿ ತಿಮ್ಮಣ್ಣ" ಎಂದೂ ಹೇಳಿದರು. ಇವೆಲ್ಲ ಆಮೇಲಿನ ಮಾತು. ಆ ಸಂಜೆ ಜೀಪು ಹತ್ತುವ ಮೊದಲು ಮೇಡಂ ನನ್ನ ಕಡೆ ತಿರುಗಿ ಒಂದು ಮಾತು ಕೇಳಿದರು.

"ಈ ಐದು ಮೀನು ಬದುಕ್ಯಾವ, ಛಲೋ ಆತು. ಹಳ್ಳದಾಗ ಎಷ್ಟು ಅದಾವ? ಯಾವಾಗರ ಹೋಗಿ ನೋಡೀರೇನು?"

ಹೋಗಿರಲಿಲ್ಲ. ಹನ್ನೊಂದು ವರ್ಷ ಬೆಳಿಗ್ಗೆ ಎದ್ದು ನೀರು ಬಿಟ್ಟವನು ಗೋಡೆಯ ಆಚೆ ಒಂದು ದಿನ ಇಣುಕಿರಲಿಲ್ಲ. ಮರುದಿನ ಬೆಳಿಗ್ಗೆ ಹೋದೆ. ಒಂದೂವರೆ ಮೈಲಿ ನಡೆದ ಮೇಲೆ ಹಳ್ಳ ಅಗಲವಾಗುತ್ತದೆ. ದಂಡೆಯ ಬಂಡೆಗಳ ಮೇಲೆ ನೀರಿನ ಮಟ್ಟ ಇಳಿದಂತೆಲ್ಲ ಉಳಿದ ಗೆರೆಗಳು, ಕೆಂಪು, ಅದರ ಕೆಳಗೆ ನೀಲಿ, ಅದರ ಕೆಳಗೆ ಹಸಿರು. ನಾನು ಯಾವ ವಾರ ಯಾವ ನೂಲು ಎಂದು ಓದಿ ಹೇಳಬಹುದಿತ್ತು. ಪ್ಯಾಂಟು ಮಡಚಿಕೊಂಡು ಮೊಣಕಾಲ ನೀರಿಗೆ ಇಳಿದು ಬಗ್ಗಿ ನೋಡುತ್ತಾ ಹೋದೆ. ಮೀನು ಬಿಡಿ, ಕಪ್ಪೆ ಕೂಡ ಕಾಣಲಿಲ್ಲ.

ದಂಡೆಯಲ್ಲಿ ಒಬ್ಬ ಹಿರಿಯರು ಬೇಲಿಯ ಮುಳ್ಳು ಕಟ್ಟುತ್ತಿದ್ದರು. "ಏನ್ ಹುಡುಕಾಕತ್ತೀರಿ ಯಪ್ಪಾ?" ಎಂದರು.

"ಮೀನ್ರಿ."

ಅವರು ನಕ್ಕರು, ಬಹಳ ಹೊತ್ತು ನಕ್ಕರು. "ಇದ್ರಾಗ? ನಮ್ಮ ಸಣ್ಣ ಮಗ ಹುಟ್ಟಿದಾಗಿಂದ ಇಲ್ಲ. ಅವ ಮೀನು ಅಂದ್ರ ಸಂತ್ಯಾಗ ಸಿಗೂದು ಅಂತ ತಿಳದಾನ." ನಗು ನಿಂತ ಮೇಲೆ ಕೇಳಿದರು, "ಯಾವ ಕಡೆಯವರು ನೀವು?"

ಹಿಂದಿನ ದಿನ ಅಷ್ಟು ಜನರ ಎದುರು ಪೈಪು ಕೊಯ್ದು, ಎಲ್ಲ ಒಪ್ಪಿ ಸಹಿ ಮಾಡಿದ್ದ ನಾನು, ಆ ಒಬ್ಬ ಮನುಷ್ಯನ ಎದುರು, "ಗುಂಜಹಳ್ಳಿಯವ್ರಿ. ಬಸ್ ತಪ್ಪಿತು, ಹಂಗ ಈ ಕಡೆ ನಡಕೊಂತ ಬಂದೆ," ಎಂದೆ. ಅವರು ಪಾಪ, ಬಿಸಿಲಾಗುತ್ತದೆಂದು ತಮ್ಮ ದೊಡ್ಡ ಮಗನ ಗಾಡಿಯಲ್ಲಿ ನನ್ನನ್ನು ಬಸ್ ನಿಲ್ದಾಣದವರೆಗೆ ಬಿಡಿಸಿದರು. ಗಾಡಿ ಕಾರ್ಖಾನೆಯ ಗೇಟಿನ ಮುಂದೆಯೇ ಹೋಯಿತು. ನಾನು ಅಲ್ಲಿ ಇಳಿಯಲಿಲ್ಲ, ಮುಂದಿನ ನಿಲ್ದಾಣದವರೆಗೆ ಹೋಗಿ ಇಳಿದು, ನಡೆದು ವಾಪಸು ಬಂದೆ.